ಧ್ರುವಪ್ರಭೆಯೊಳಗೆ ಹೊಕ್ಕ ರಾಕೆಟ್ ಎಲೆಕ್ಟ್ರಾನುಗಳನ್ನು ಅಳೆಯುವುದು ಹೇಗೆ?

ಭೌತಶಾಸ್ತ್ರ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಧ್ರುವಪ್ರಭೆಯ ಪಾಠ ಮಾಡುವಾಗ ನಾನು ಹಲವು ವರ್ಷಗಳಿಂದ ಒಂದೇ ಮಾತನ್ನು ಹೇಳುತ್ತ ಬಂದಿದ್ದೇನೆ: ಸೂರ್ಯನಿಂದ ಹೊರಟ ವಿದ್ಯುದಾವೇಶಿತ ಕಣಗಳು ಭೂಮಿಯ ಕಾಂತೀಯ ಬಲರೇಖೆಗಳನ್ನು ಹಿಡಿದು ಧ್ರುವಗಳತ್ತ ಇಳಿಯುತ್ತವೆ, ಅಲ್ಲಿ ಆಕ್ಸಿಜನ್ ಮತ್ತು ನೈಟ್ರೋಜನ್‌ಗೆ ಡಿಕ್ಕಿ ಹೊಡೆದು ಬೆಳಕು ಹೊಮ್ಮಿಸುತ್ತವೆ. ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಆ ಕಣಗಳನ್ನು ಯಾರಾದರೂ ಹಿಡಿದು ನೋಡಿದ್ದಾರೆಯೇ, ಇಲ್ಲವೇ ಬೆಳಕನ್ನು ನೋಡಿ ಊಹಿಸಿದ್ದೇ?" ಎಂದು ಕೇಳಿದಳು. ರಾಕೆಟ್‌ಗಳ ಮೂಲಕ ಅಳೆದಿದ್ದಾರೆ ಎಂದು ಹೇಳಿದೆನಾದರೂ, ಅದಕ್ಕಿಂತ ಮುಂದೆ ವಿವರಿಸಲು ನನಗೆ ಸಾಧ್ಯವಾಗಲಿಲ್ಲ.

ನನ್ನ ಸಂದೇಹಗಳು ಮೂರು. ಕಕ್ಷೆಯಲ್ಲಿ ಇಷ್ಟೊಂದು ಉಪಗ್ರಹಗಳಿರುವಾಗ, ಹತ್ತು ನಿಮಿಷ ಹಾರಿ ಸಮುದ್ರಕ್ಕೋ ಹಿಮಕ್ಕೋ ಬೀಳುವ ಸೌಂಡಿಂಗ್ ರಾಕೆಟ್ ಏಕೆ ಬೇಕು? ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಬರುವ ಎಲೆಕ್ಟ್ರಾನಿನ ಶಕ್ತಿಯನ್ನು ಅಷ್ಟು ಚಿಕ್ಕ ಉಪಕರಣ ಹೇಗೆ ಅಳೆಯುತ್ತದೆ? ಕೊನೆಯದಾಗಿ, ಲೋಹದ ದೊಡ್ಡ ಕೊಳವೆಯೊಂದು ಪ್ಲಾಸ್ಮಾದೊಳಗೆ, ಅಂದರೆ ವಿದ್ಯುದಾವೇಶಿತ ಕಣಗಳ ಅನಿಲದೊಳಗೆ, ನುಗ್ಗಿದಾಗ ತಾನೇ ಅಲ್ಲಿನ ಸ್ಥಿತಿಯನ್ನು ಕದಡುವುದಿಲ್ಲವೇ?

ಉಪಕರಣ ತಯಾರಕ

ಮೇಡಂ, ಆ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಒಳ್ಳೆಯದು, ಏಕೆಂದರೆ ನೀವು ಪಾಠದಲ್ಲಿ ಹೇಳುವ ವಾಕ್ಯದಲ್ಲಿರುವ ಕೊರತೆ ತಿಳಿದುಬಂದದ್ದೇ ಆ ಕಣಗಳನ್ನು ಹಿಡಿದು ನೋಡಿದ ಮೇಲೆ. ಸೌರಮಾರುತದ, ಅಂದರೆ ಸೂರ್ಯನಿಂದ ಸದಾ ಹೊರಹರಿಯುವ ಕಣಗಳ ಪ್ರವಾಹದ, ಎಲೆಕ್ಟ್ರಾನುಗಳ ಶಕ್ತಿ ಸಾಮಾನ್ಯವಾಗಿ ಹತ್ತು ಎಲೆಕ್ಟ್ರಾನ್‌ವೋಲ್ಟ್‌ನ ಆಸುಪಾಸಿನಲ್ಲಿರುತ್ತದೆ (ಒಂದು ವೋಲ್ಟ್ ವಿಭವಾಂತರವನ್ನು ದಾಟಿದ ಎಲೆಕ್ಟ್ರಾನ್ ಪಡೆಯುವ ಶಕ್ತಿಯೇ ಒಂದು ಎಲೆಕ್ಟ್ರಾನ್‌ವೋಲ್ಟ್). ಧ್ರುವಪ್ರಭೆಯ ಹೊಳೆಯುವ ತೆರೆಗಳನ್ನು ಉಂಟುಮಾಡುವ ಎಲೆಕ್ಟ್ರಾನುಗಳ ಶಕ್ತಿಯಾದರೋ 1,000ದಿಂದ 10,000 ಎಲೆಕ್ಟ್ರಾನ್‌ವೋಲ್ಟ್, ಕೆಲವೊಮ್ಮೆ ಇನ್ನೂ ಹೆಚ್ಚು. ಸೂರ್ಯನಿಂದ ಬಂದವು ನೇರವಾಗಿ ಬಂದು ಬಡಿಯುವುದಾಗಿದ್ದರೆ ಇಷ್ಟು ಶಕ್ತಿ ಇರಲು ಸಾಧ್ಯವಿಲ್ಲ. ಅವು ಮೊದಲು ಭೂಮಿಯ ಕಾಂತಗೋಳದ (ಭೂಮಿಯ ಕಾಂತಕ್ಷೇತ್ರ ಆವರಿಸಿರುವ ಪ್ರದೇಶದ) ಬಾಲದಲ್ಲಿ, ಅಂದರೆ ಸೂರ್ಯನಿಗೆ ವಿರುದ್ಧ ದಿಕ್ಕಿನಲ್ಲಿ ಚಾಚಿದ ಭಾಗದಲ್ಲಿ, ಸೇರಿಕೊಂಡು ಬಿಸಿಯಾಗುತ್ತವೆ, ಬಳಿಕ ಕೆಳಗಿಳಿಯುವ ದಾರಿಯಲ್ಲಿ ಇನ್ನೊಮ್ಮೆ ವೇಗ ಪಡೆಯುತ್ತವೆ. ಆ ವೇಗ ಎಲ್ಲಿ, ಹೇಗೆ ಸಿಗುತ್ತದೆ ಎಂಬುದೇ ಈ ಕ್ಷೇತ್ರದ ಮುಖ್ಯ ಪ್ರಶ್ನೆ.

ಇನ್ನು ರಾಕೆಟ್ ಏಕೆ ಎಂಬ ವಿಷಯ. ಹಸಿರು ಬೆಳಕು ಹೆಚ್ಚಾಗಿ 100ರಿಂದ 150 ಕಿಲೋಮೀಟರ್ ಎತ್ತರದಲ್ಲಿ ಹುಟ್ಟುತ್ತದೆ, ಕೆಂಪು ಬೆಳಕು 200 ಕಿಲೋಮೀಟರಿಗಿಂತ ಮೇಲೆ. ಬಲೂನುಗಳು 40 ಕಿಲೋಮೀಟರಿನ ಸುತ್ತಮುತ್ತ ನಿಂತುಬಿಡುತ್ತವೆ. ಉಪಗ್ರಹವನ್ನು 120 ಕಿಲೋಮೀಟರ್ ಎತ್ತರದಲ್ಲಿ ಸುತ್ತಲು ಬಿಟ್ಟರೆ ಗಾಳಿಯ ತಡೆಯಿಂದ ಅದು ಬಹುಬೇಗ ಉರಿದುಹೋಗುತ್ತದೆ. ಆದ್ದರಿಂದ ಬೆಳಕು ಹುಟ್ಟುವ ಜಾಗಕ್ಕೇ ಹೋಗಿ ಅಳೆಯಬೇಕೆಂದರೆ ರಾಕೆಟ್ ಬಿಟ್ಟು ಬೇರೆ ದಾರಿ ಇಲ್ಲ.

ಎರಡನೆಯ ಕಾರಣ ವೇಗ. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತದೆ, ಹಾಗಾಗಿ ಒಂದು ಕಿಲೋಮೀಟರ್ ದಪ್ಪದ ಪ್ರಭಾಪಟ್ಟಿಯನ್ನು ಅದು ಸುಮಾರು 0.13 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಸೌಂಡಿಂಗ್ ರಾಕೆಟ್ ತನ್ನ ಗರಿಷ್ಠ ಎತ್ತರದ ಬಳಿ ಸೆಕೆಂಡಿಗೆ ಒಂದು ಕಿಲೋಮೀಟರಿನಷ್ಟು ನಿಧಾನವಾಗಿ ಅಡ್ಡಲಾಗಿ ಸರಿಯುತ್ತಿರುತ್ತದೆ. ಅದೇ ಪಟ್ಟಿಯನ್ನು ನೋಡಲು ಅದಕ್ಕೆ ಏಳೆಂಟು ಪಟ್ಟು ಹೆಚ್ಚು ಸಮಯ ಸಿಗುತ್ತದೆ. ಜೊತೆಗೆ ರಾಕೆಟ್ ತಾನು ಅಳೆದದ್ದನ್ನೆಲ್ಲ ಆ ಕ್ಷಣವೇ ನೆಲದ ಆಂಟೆನಾಗೆ ಕಳುಹಿಸುತ್ತದೆ, ಕೂಡಿಟ್ಟುಕೊಂಡು ಆಮೇಲೆ ಕಳುಹಿಸುವ ತಾಪತ್ರಯವಿಲ್ಲ. 400 ಕಿಲೋಮೀಟರ್ ಏರುವ ರಾಕೆಟ್ಟಿಗೆ 100 ಕಿಲೋಮೀಟರಿಗಿಂತ ಮೇಲೆ ಸಿಗುವ ಕಾಲ ಸುಮಾರು ಎಂಟೂವರೆ ನಿಮಿಷ ಮಾತ್ರ ಎಂಬುದು ನಿಜ. ಆದರೆ ಆ ಎಂಟೂವರೆ ನಿಮಿಷಗಳಲ್ಲಿ ಸಿಗುವ ಸೂಕ್ಷ್ಮ ವಿವರವೇ ಬೇರೆ.

ವಿದ್ಯಾರ್ಥಿ

ಸರ್, ಶಕ್ತಿಯನ್ನು ಅಳೆಯುವ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಎಲೆಕ್ಟ್ರಾನ್ ಒಂದು ಫಲಕಕ್ಕೆ ಬಂದು ಬಿದ್ದರೆ ಬಿದ್ದಿತು ಎಂದು ತಿಳಿಯಬಹುದು. ಅದರ ಶಕ್ತಿ ಆರು ಸಾವಿರವೋ ಅರುವತ್ತೋ ಎಂದು ಹೇಗೆ ತಿಳಿಯುತ್ತದೆ?

ಉಪಕರಣ ತಯಾರಕ

ಇದಕ್ಕೆ ಬಳಸುವ ಮುಖ್ಯ ಉಪಕರಣ ಸ್ಥಾಯೀವಿದ್ಯುತ್ ವಿಶ್ಲೇಷಕ. ಒಂದರೊಳಗೊಂದು ಕೂರುವ ಎರಡು ಅರ್ಧಗೋಳಾಕಾರದ ಲೋಹದ ಬಟ್ಟಲುಗಳನ್ನು ಕಲ್ಪಿಸಿಕೊಳ್ಳಿ, ಅವುಗಳ ನಡುವೆ ಕೆಲವೇ ಮಿಲಿಮೀಟರ್ ಅಂತರವಿದೆ. ಒಳಗಿನ ಬಟ್ಟಲಿಗೆ ಧನ ವೋಲ್ಟೇಜ್ ಕೊಟ್ಟರೆ, ಆ ಸಂದಿಗೆ ನುಗ್ಗಿದ ಎಲೆಕ್ಟ್ರಾನ್ ಒಳಮುಖವಾಗಿ ಬಾಗುತ್ತದೆ. ಶಕ್ತಿ ಕಡಿಮೆಯಿದ್ದರೆ ಅತಿಯಾಗಿ ಬಾಗಿ ಒಳಗೋಡೆಗೆ ಬಡಿಯುತ್ತದೆ, ಹೆಚ್ಚಿದ್ದರೆ ಸಾಕಷ್ಟು ಬಾಗದೆ ಹೊರಗೋಡೆಗೆ ಬಡಿಯುತ್ತದೆ. ಆ ವೋಲ್ಟೇಜಿಗೆ ಸರಿಹೊಂದುವ ಶಕ್ತಿಯದು ಮಾತ್ರ ಸಂದಿಯುದ್ದಕ್ಕೂ ಸುತ್ತಿ ಇನ್ನೊಂದು ತುದಿಯಿಂದ ಹೊರಬರುತ್ತದೆ. ವೃತ್ತಾಕಾರದ ಚಲನೆಯ ಸಮೀಕರಣ ಬರೆದರೆ, ಹೊರಬರುವ ಎಲೆಕ್ಟ್ರಾನಿನ ಶಕ್ತಿಯು ವೋಲ್ಟೇಜನ್ನು ತ್ರಿಜ್ಯದಿಂದ ಗುಣಿಸಿ, ಸಂದಿಯ ಅಗಲದ ಎರಡರಷ್ಟರಿಂದ ಭಾಗಿಸಿದಷ್ಟು ಎಂದು ತಿಳಿಯುತ್ತದೆ. ತ್ರಿಜ್ಯ 40 ಮಿಲಿಮೀಟರ್, ಸಂದಿ 3 ಮಿಲಿಮೀಟರ್ ಇದ್ದರೆ ಈ ಗುಣಕ ಸುಮಾರು 6.7 ಆಗುತ್ತದೆ, ಅಂದರೆ 1,500 ವೋಲ್ಟ್ ಕೊಟ್ಟಾಗ 10 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಎಲೆಕ್ಟ್ರಾನುಗಳು ಮಾತ್ರ ಪಾರಾಗುತ್ತವೆ. ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಹೋದರೆ ಇಡೀ ಶಕ್ತಿ ರೋಹಿತ, ಅಂದರೆ ಯಾವ ಶಕ್ತಿಯ ಎಲೆಕ್ಟ್ರಾನುಗಳು ಎಷ್ಟಿವೆ ಎಂಬ ಪಟ್ಟಿ, ಕೈಗೆ ಸಿಗುತ್ತದೆ. 1980ರ ದಶಕದ ಆರಂಭದಲ್ಲಿ ಬಂದ 'ಟಾಪ್ ಹ್ಯಾಟ್' ವಿನ್ಯಾಸದಲ್ಲಿ ಈ ಬಟ್ಟಲುಗಳ ನೆತ್ತಿಯ ಮೇಲೊಂದು ಪುಟ್ಟ ಟೋಪಿ ಇರುತ್ತದೆ, ಅದರಿಂದ ಒಂದೇ ಉಪಕರಣ 360 ಡಿಗ್ರಿಗಳ ಸಮತಲದಲ್ಲಿ ಎಲ್ಲ ಕಡೆಯಿಂದ ಬರುವ ಕಣಗಳನ್ನೂ ಏಕಕಾಲಕ್ಕೆ ನೋಡಬಲ್ಲುದು.

ಹೊರಬಂದ ಎಲೆಕ್ಟ್ರಾನನ್ನು ಎಣಿಸುವುದು ಮೈಕ್ರೋಚಾನೆಲ್ ಫಲಕ. ಸೂಕ್ಷ್ಮ ರಂಧ್ರಗಳಿಂದ ತುಂಬಿದ ಗಾಜಿನ ಬಿಲ್ಲೆ ಅದು. ಎರಡು ಬಿಲ್ಲೆಗಳನ್ನು ಜೋಡಿಸಿ ಸುಮಾರು 2,000 ವೋಲ್ಟ್ ಕೊಟ್ಟರೆ, ಒಳಹೊಕ್ಕ ಒಂದು ಎಲೆಕ್ಟ್ರಾನ್ ಹತ್ತು ಲಕ್ಷ ಎಲೆಕ್ಟ್ರಾನುಗಳ ಮಿಡಿತವಾಗಿ ಹೊರಬರುತ್ತದೆ. ಆ ಮಿಡಿತಗಳನ್ನು ಸರ್ಕ್ಯೂಟ್ ಎಣಿಸುತ್ತದೆ.

ಇಲ್ಲಿ ಎಚ್ಚರ ಬೇಕಾದ ಜಾಗವೊಂದಿದೆ. ದಟ್ಟ ಗಾಳಿಯಲ್ಲಿ ಹೆಚ್ಚು ವೋಲ್ಟೇಜ್ ತಡೆದುಕೊಳ್ಳುತ್ತದೆ, ಪೂರ್ಣ ನಿರ್ವಾತದಲ್ಲೂ ತಡೆದುಕೊಳ್ಳುತ್ತದೆ, ಆದರೆ ಇವೆರಡರ ನಡುವಿನ ತೆಳುಗಾಳಿಯಲ್ಲಿ ಕೆಲವು ನೂರು ವೋಲ್ಟಿಗೇ ಕಿಡಿ ಹಾರುತ್ತದೆ. ಏರುವ ರಾಕೆಟ್ ಸರಿಸುಮಾರು 30ರಿಂದ 80 ಕಿಲೋಮೀಟರ್ ನಡುವೆ ಇದೇ ಅಪಾಯದ ಪದರವನ್ನು ದಾಟಬೇಕು. ಆದ್ದರಿಂದ ಮೂತಿಯ ಕವಚ ಕಳಚಿ, ಉಪಕರಣದೊಳಗೆ ಉಳಿದ ಗಾಳಿಯೂ ಸೋರಿಹೋದ ಮೇಲೆಯೇ ಹೈವೋಲ್ಟೇಜ್ ಹಾಕುವಂತೆ ಟೈಮರ್ ಇಟ್ಟಿರುತ್ತಾರೆ. ನಾನು ಕೆಲಸ ಕಲಿಯುತ್ತಿದ್ದಾಗ ಪ್ರಯೋಗಾಲಯದ ನಿರ್ವಾತ ಕೋಣೆಯಲ್ಲಿ ಒತ್ತಡ ಇನ್ನೂ ಇಳಿಯುತ್ತಿರುವಾಗಲೇ ಸ್ವಿಚ್ ಹಾಕಿದ್ದೆ. ನೀಲಿ ಮಿಂಚೊಂದು ಕಂಡಿತು, ಅಷ್ಟೇ. ತಿಂಗಳುಗಟ್ಟಲೆ ಜೋಪಾನ ಮಾಡಿದ ಬಿಲ್ಲೆಗಳ ಜೋಡಿ ಸುಟ್ಟುಹೋಯಿತು. ಆ ದಿನದಿಂದ ಒತ್ತಡದ ಮಾಪಕವನ್ನು ಎರಡು ಸಲ ಓದದೆ ನಾನು ಸ್ವಿಚ್ ಮುಟ್ಟಿಲ್ಲ.

ಇತಿಹಾಸಾಸಕ್ತ

ಮೇಡಂ ಅವರ ವಿದ್ಯಾರ್ಥಿನಿಗೆ ಕೊಡಬಹುದಾದ ಉತ್ತರದ ಮೊದಲ ಭಾಗ 1953ರಲ್ಲಿದೆ. ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಆಲೆನ್ ಅವರ ತಂಡ ಹಡಗಿನಿಂದ ಬಲೂನು ಹಾರಿಸಿ, ಅದಕ್ಕೆ ತೂಗುಬಿಟ್ಟ ಚಿಕ್ಕ ರಾಕೆಟ್ಟನ್ನು ಎತ್ತರದಲ್ಲಿ ಹೊತ್ತಿಸುತ್ತಿತ್ತು. ಆ ಜೋಡಿಗೆ 'ರಾಕೂನ್' ಎಂಬ ಹೆಸರು. ಬಾಹ್ಯಾಕಾಶದಿಂದ ಬರುವ ಅತಿಶಕ್ತಿಯ ಕಣಗಳಾದ ವಿಶ್ವಕಿರಣಗಳನ್ನು ಅಳೆಯಲು ಹೊರಟವರಿಗೆ ಧ್ರುವಪ್ರಭಾ ವಲಯದ ಮೇಲೆ ನಿರೀಕ್ಷಿಸದಿದ್ದ ವಿಕಿರಣ ಕಾಣಿಸಿತು. ಮುಂದಿನ ಹಾರಾಟಗಳಿಂದ, ಮೇಲಿನಿಂದ ಬರುವ ಎಲೆಕ್ಟ್ರಾನುಗಳು ಗಾಳಿಯಲ್ಲಿ ತಡೆಯಲ್ಪಟ್ಟಾಗ ಹೊಮ್ಮುವ ಎಕ್ಸ್-ಕಿರಣಗಳೇ ಅದರ ಬಹುಭಾಗವೆಂದು ಅರ್ಥವಾಯಿತು. ಆದರೂ ಅದು ಪರೋಕ್ಷ ಸಾಕ್ಷ್ಯವೇ.

ನೇರ ಸಾಕ್ಷ್ಯ ಬಂದದ್ದು ಅಂತರರಾಷ್ಟ್ರೀಯ ಭೂಭೌತ ವರ್ಷದ ಅವಧಿಯಲ್ಲಿ, 1958ರ ಆರಂಭದಲ್ಲಿ, ಕೆನಡಾದ ಫೋರ್ಟ್ ಚರ್ಚಿಲ್‌ನಿಂದ. ಕಾರ್ಲ್ ಮ್ಯಾಕ್‌ಇಲ್ವೇನ್ ಅಲ್ಲಿಂದ ಗೋಚರ ಪ್ರಭೆಯೊಳಕ್ಕೆ ರಾಕೆಟ್ಟುಗಳನ್ನು ಹಾರಿಸಿ, ಬೆಳಕನ್ನು ಹುಟ್ಟಿಸುತ್ತಿರುವವು ಎಲೆಕ್ಟ್ರಾನುಗಳೇ ಎಂದು ತೋರಿಸಿದರು. 1960ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಒಂದು ವಿಶೇಷವಿತ್ತು: ಒಂದು ಹೊಳೆಯುವ ಪ್ರಭೆಯಲ್ಲಿ ಎಲೆಕ್ಟ್ರಾನುಗಳು ಹೆಚ್ಚು ಕಡಿಮೆ ಒಂದೇ ಶಕ್ತಿಯವಾಗಿದ್ದವು, ಸುಮಾರು 6 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಕಾಯ್ದು ಬಿಸಿಯಾದ ಅನಿಲದಲ್ಲಿ ಎಲ್ಲ ಬಗೆಯ ಶಕ್ತಿಯ ಕಣಗಳೂ ಇರುತ್ತವೆ. ಒಂದೇ ಶಕ್ತಿಯ ಗುಂಪು ಕಂಡರೆ ಅವೆಲ್ಲವೂ ಒಂದೇ ವಿಭವಾಂತರವನ್ನು ಇಳಿದು ಬಂದಿವೆ ಎಂದು ಅನುಮಾನಿಸಬೇಕು. ಸ್ವೀಡನ್ನಿನ ಹಾನ್ನೆಸ್ ಆಲ್ವೇನ್ ಬಲರೇಖೆಗುಂಟ ವಿದ್ಯುತ್ ಕ್ಷೇತ್ರವಿರಬಹುದೆಂದು ವಾದಿಸಿದಾಗ ಬಹಳ ಮಂದಿ ಒಪ್ಪಿರಲಿಲ್ಲ, ಏಕೆಂದರೆ ಎಲೆಕ್ಟ್ರಾನುಗಳು ಬಲರೇಖೆಯುದ್ದಕ್ಕೂ ಸಲೀಸಾಗಿ ಓಡಾಡಿ ಅಂಥ ಕ್ಷೇತ್ರವನ್ನು ಅಳಿಸಿಹಾಕುತ್ತವೆ ಎಂಬುದು ಆಗಿನ ತಿಳಿವಳಿಕೆ. ಆ ವಾದಕ್ಕೆ ಬಲ ತಂದದ್ದು ರಾಕೆಟ್ಟುಗಳ ಈ ಅಳತೆ.

ಉಡಾವಣಾ ಕೇಂದ್ರಗಳೂ ಆ ಕಾಲದಲ್ಲೇ ಬೆಳೆದವು. ನಾರ್ವೆಯ ಅಂಡೋಯಾದಿಂದ ಮೊದಲ ರಾಕೆಟ್ 1962ರ ಆಗಸ್ಟ್ 18ರಂದು ಹಾರಿತು, ಸ್ವೀಡನ್ನಿನ ಕಿರುನಾ ಬಳಿಯ ಎಸ್ರೇಂಜ್ 1966ರಲ್ಲಿ ಆರಂಭವಾಯಿತು. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಬಳಿಯ ಪೋಕರ್ ಫ್ಲಾಟ್ ವಿಶ್ವವಿದ್ಯಾಲಯವೊಂದರ ಒಡೆತನದ ಉಡಾವಣಾ ಕೇಂದ್ರ.

ಈ ರಾಕೆಟ್ಟುಗಳ ವಿಷಯ ವಿಜ್ಞಾನಿಗಳ ಹೊರಗೂ ಒಮ್ಮೆ ಗಂಭೀರವಾಗಿತ್ತು. 1995ರ ಜನವರಿ 25ರಂದು ಅಂಡೋಯಾದಿಂದ ಹೊರಟ ನಾಲ್ಕು ಹಂತಗಳ ಬ್ಲ್ಯಾಕ್ ಬ್ರ್ಯಾಂಟ್ ಹನ್ನೆರಡು, ನಾರ್ವೆಯ ಉತ್ತರದ ದ್ವೀಪಸಮೂಹವಾದ ಸ್ವಾಲ್ಬಾರ್ಡ್ ಮೇಲಿನ ಧ್ರುವಪ್ರಭೆಯನ್ನು ಅಳೆಯಲೆಂದೇ 1,450 ಕಿಲೋಮೀಟರಿಗೂ ಮೇಲೇರಿತು. ನಾರ್ವೆ ಮುಂಚೆಯೇ ಸೂಚನೆ ಕೊಟ್ಟಿದ್ದರೂ ಅದು ರಷ್ಯಾದ ರಡಾರ್ ಸಿಬ್ಬಂದಿಯನ್ನು ತಲುಪಿರಲಿಲ್ಲ. ಅಧ್ಯಕ್ಷ ಯೆಲ್ಟ್ಸಿನ್ ಅವರ ಮುಂದೆ ಅಣ್ವಸ್ತ್ರ ಪೆಟ್ಟಿಗೆಯನ್ನು ತೆರೆಯುವವರೆಗೂ ವಿಷಯ ಹೋಗಿ, ರಾಕೆಟ್ಟಿನ ದಾರಿ ರಷ್ಯಾದತ್ತ ಇಲ್ಲವೆಂದು ಖಚಿತವಾದ ಮೇಲೆ ಶಮನವಾಯಿತು.

ದತ್ತಾಂಶ ವಿಶ್ಲೇಷಕಿ

ಇತಿಹಾಸದ ವಿವರಗಳಿಗೆ ಧನ್ಯವಾದ. ಆದರೆ ಮೇಲಿನ ಬರಹ ಓದಿದವರು ಎಲ್ಲ ಧ್ರುವಪ್ರಭೆಯೂ ಒಂದೇ ಶಕ್ತಿಯ ಎಲೆಕ್ಟ್ರಾನುಗಳಿಂದ ಆಗುತ್ತದೆ ಎಂದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಸ್ಥಿರವಾಗಿ ನಿಂತ ಹೊಳೆಯುವ ಪಟ್ಟಿಯೊಳಗೆ ರಾಕೆಟ್ ಹೊಕ್ಕಾಗ ನಮ್ಮ ಪರದೆಯ ಮೇಲೆ ಬರುವ ರೋಹಿತದಲ್ಲಿ ಒಂದು ಶಿಖರವಿರುತ್ತದೆ, ಶಿಖರದ ಮೇಲ್ಗಡೆಯ ಶಕ್ತಿಗಳಲ್ಲಿ ಎಣಿಕೆ ಕಡಿದಾಗಿ ಕುಸಿಯುತ್ತದೆ. ಶಿಖರ 6 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿದ್ದರೆ, ಮೇಲೆಲ್ಲೋ ಸುಮಾರು 6,000 ವೋಲ್ಟ್‌ಗಳ ವಿಭವಾಂತರವಿದೆ ಎಂದು ಓದಿಕೊಳ್ಳುತ್ತೇವೆ. ವಿಚಿತ್ರವೆಂದರೆ ಶಿಖರದ ಕೆಳಗಡೆಯೂ, ಕೆಲವು ನೂರು ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ, ಕೆಳಮುಖವಾಗಿ ಬರುವ ಎಲೆಕ್ಟ್ರಾನುಗಳು ಧಾರಾಳವಾಗಿರುತ್ತವೆ. 6,000 ವೋಲ್ಟ್ ಇಳಿದು ಬಂದ ಎಲೆಕ್ಟ್ರಾನ್ 300ರ ಶಕ್ತಿಯದಾಗಿರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ವಿಭವಾಂತರದ ಕಲ್ಪನೆಯನ್ನೇ ಅಲುಗಾಡಿಸುತ್ತಿತ್ತು. 1974ರಲ್ಲಿ ಡೇವಿಡ್ ಇವಾನ್ಸ್ ಉತ್ತರ ಕೊಟ್ಟರು. ವಾಯುಮಂಡಲಕ್ಕೆ ಬಡಿದ ಮೂಲ ಎಲೆಕ್ಟ್ರಾನುಗಳು ಅಲ್ಲಿನ ಪರಮಾಣುಗಳಿಂದ ದ್ವಿತೀಯಕ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತವೆ, ಅವುಗಳಲ್ಲಿ ಕೆಲವು ಮೇಲಕ್ಕೆ ಹೋಗುತ್ತವೆ. ಮೇಲಿರುವ ಅದೇ ವಿಭವಾಂತರವನ್ನು ಹತ್ತುವಷ್ಟು ಶಕ್ತಿ ಅವಕ್ಕಿಲ್ಲ, ಹಾಗಾಗಿ ಗೋಡೆಗೆ ಬಡಿದ ಚೆಂಡಿನಂತೆ ಹಿಂತಿರುಗಿ ಕೆಳಗೆ ಬರುತ್ತವೆ. ಆಕ್ಷೇಪಣೆಯೆಂದು ತೋರಿದ್ದೇ ಸಮರ್ಥನೆಯಾದ ಈ ತಿರುವು ನನಗೆ ಇಂದಿಗೂ ಬಹಳ ಇಷ್ಟ.

ಎಣಿಕೆಯ ಪ್ರಮಾಣವನ್ನೂ ಒಮ್ಮೆ ಲೆಕ್ಕ ಹಾಕೋಣ. ಹೊಳೆಯುವ ಪಟ್ಟಿಯೊಂದು ಪ್ರತಿ ಚದರ ಮೀಟರಿಗೆ 10 ಮಿಲಿವ್ಯಾಟ್ ಶಕ್ತಿಯನ್ನು ಕೆಳಗೆ ಸುರಿಯುತ್ತಿದೆ, ಎಲೆಕ್ಟ್ರಾನುಗಳ ಸರಾಸರಿ ಶಕ್ತಿ 5 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಎಂದುಕೊಳ್ಳಿ. ಆಗ ಒಂದು ಚದರ ಸೆಂಟಿಮೀಟರಿಗೆ, ಅಂದರೆ ಬೆರಳಿನ ಉಗುರಿನಷ್ಟು ಜಾಗಕ್ಕೆ, ಸೆಕೆಂಡಿಗೆ ಸುಮಾರು 125 ಕೋಟಿ ಎಲೆಕ್ಟ್ರಾನುಗಳು ಬೀಳುತ್ತವೆ. ಇದನ್ನೇ ವಿದ್ಯುತ್ಪ್ರವಾಹವಾಗಿ ಬರೆದರೆ ಚದರ ಮೀಟರಿಗೆ 2 ಮೈಕ್ರೋಆಂಪಿಯರ್. ಕೇಳಲು ಅಲ್ಪವೆನಿಸಬಹುದು; ಆದರೆ ಹತ್ತು ಕಿಲೋಮೀಟರ್ ಅಗಲ, ಸಾವಿರ ಕಿಲೋಮೀಟರ್ ಉದ್ದದ ಪಟ್ಟಿಗೆ ಅದು 20,000 ಆಂಪಿಯರ್ ಆಗುತ್ತದೆ. ಬಲರೇಖೆಗುಂಟ ಹರಿಯುವ ಇಂಥ ಪ್ರವಾಹಗಳನ್ನು ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲಂಡ್ 1908ರಲ್ಲಿಯೇ ಸೂಚಿಸಿದ್ದರು. ಅದೇ ರಾಕೆಟ್ಟಿನ ಕಾಂತಮಾಪಕದಿಂದ ಪ್ರವಾಹವನ್ನು ಬೇರೆಯಾಗಿ ಅಳೆದು, ಎಲೆಕ್ಟ್ರಾನು ಎಣಿಕೆಯ ಲೆಕ್ಕದೊಂದಿಗೆ ಹೋಲಿಸುವುದು ನಮ್ಮ ಮೊದಲ ತಾಳೆ.

ಇನ್ನೊಂದು ಬಗೆಯ ಪ್ರಭೆ ಇದೆ, ಅದರಲ್ಲಿ ಶಿಖರವೇ ಇರುವುದಿಲ್ಲ. ಅಲೆಯಾಡುವ, ಕಿರಣ ಕಿರಣವಾಗಿ ಓಡುವ ಪ್ರಭೆಯೊಳಗೆ ಹಲವು ಶಕ್ತಿಗಳ ಎಲೆಕ್ಟ್ರಾನುಗಳು ಒಂದೇ ಕಂತಿನಲ್ಲಿ ಬರುತ್ತವೆ, ಆದರೆ ಹೆಚ್ಚು ಶಕ್ತಿಯವು ಮೊದಲು, ಕಡಿಮೆ ಶಕ್ತಿಯವು ತುಸು ತಡವಾಗಿ. ಇವನ್ನು ವೇಗಗೊಳಿಸಿದ್ದು ಸ್ಥಿರ ವಿಭವಾಂತರವಲ್ಲ, ಬಲರೇಖೆಗುಂಟ ಸಾಗುವ ಆಲ್ವೇನ್ ಅಲೆಗಳು, ಅಂದರೆ ಮೀಟಿದ ತಂತಿಯಂತೆ ಬಲರೇಖೆಗಳೇ ಕಂಪಿಸುವ ಅಲೆಗಳು. ತಡವಾಗುವಿಕೆಯಿಂದಲೇ ದೂರ ತಿಳಿಯುತ್ತದೆ: 10 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಎಲೆಕ್ಟ್ರಾನ್ ಸೆಕೆಂಡಿಗೆ ಸುಮಾರು 58,500 ಕಿಲೋಮೀಟರ್ ಓಡುತ್ತದೆ, 1 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನದು ಸುಮಾರು 18,700. ಎರಡೂ 5,000 ಕಿಲೋಮೀಟರ್ ದೂರದಿಂದ ಒಟ್ಟಿಗೆ ಹೊರಟಿದ್ದರೆ ಅವುಗಳ ನಡುವೆ 0.18 ಸೆಕೆಂಡ್ ಅಂತರ ಬೀಳುತ್ತದೆ. ಉಪಕರಣ ಇಡೀ ರೋಹಿತವನ್ನು ಅದಕ್ಕಿಂತ ಬಹಳ ಬೇಗ ಓದಿ ಮುಗಿಸದಿದ್ದರೆ ಈ ಅಂತರ ಕಾಣಿಸುವುದೇ ಇಲ್ಲ.

ವಿದ್ಯಾರ್ಥಿ

ಎಲೆಕ್ಟ್ರಾನ್ ಕೆಳಮುಖವಾಗಿ ಬರುತ್ತಿದೆಯೋ ಮೇಲ್ಮುಖವಾಗಿ ಹೋಗುತ್ತಿದೆಯೋ ಎಂದು ತಿರುಗುತ್ತಿರುವ ರಾಕೆಟ್ಟಿನಿಂದ ಹೇಗೆ ಹೇಳುತ್ತೀರಿ? ಅದಲ್ಲದೆ ಮೇಡಂ ಕೇಳಿದ ಮೂರನೆಯ ಪ್ರಶ್ನೆಗೆ, ಅಂದರೆ ರಾಕೆಟ್ ತಾನೇ ಕದಡುವ ವಿಷಯಕ್ಕೆ, ಇನ್ನೂ ಉತ್ತರ ಬಂದಿಲ್ಲ.

ಉಪಕರಣ ತಯಾರಕ

ತಿರುಗುವುದು ತೊಡಕಲ್ಲ, ಅನುಕೂಲ. ಕಾಂತಮಾಪಕದಿಂದ ಬಲರೇಖೆಯ ದಿಕ್ಕು ಪ್ರತಿಕ್ಷಣವೂ ಗೊತ್ತಿರುತ್ತದೆ. ಎಲೆಕ್ಟ್ರಾನಿನ ವೇಗಕ್ಕೂ ಬಲರೇಖೆಗೂ ನಡುವಿನ ಕೋನವನ್ನು ಪಿಚ್ ಕೋನ ಎನ್ನುತ್ತೇವೆ; ರಾಕೆಟ್ ತಿರುಗಿದಂತೆ ಉಪಕರಣದ ಕಿಂಡಿ ಬೇರೆ ಬೇರೆ ಪಿಚ್ ಕೋನಗಳನ್ನು ನೋಡುತ್ತ ಹೋಗುತ್ತದೆ. ಕೆಳಗಿಳಿದಂತೆ ಕಾಂತಕ್ಷೇತ್ರ ಬಲಗೊಳ್ಳುವುದರಿಂದ, ಓರೆಯಾಗಿ ಸುತ್ತುವ ಎಲೆಕ್ಟ್ರಾನುಗಳು ದಾರಿಯಲ್ಲೇ ಪ್ರತಿಫಲಿಸಿ ಹಿಂತಿರುಗುತ್ತವೆ. 400 ಕಿಲೋಮೀಟರ್ ಎತ್ತರದಲ್ಲಿ ಲೆಕ್ಕ ಹಾಕಿದರೆ, ಪಿಚ್ ಕೋನ ಸುಮಾರು 69 ಡಿಗ್ರಿಗಿಂತ ಕಡಿಮೆಯಿರುವವು 100 ಕಿಲೋಮೀಟರ್ ತನಕ ಇಳಿದು ಗಾಳಿಯಲ್ಲಿ ಕಳೆದುಹೋಗುತ್ತವೆ. ಹಾಗಾಗಿ ಮೇಲ್ಮುಖ ದಿಕ್ಕಿನಲ್ಲಿ ಅದೇ ಅಗಲದ ಒಂದು ಖಾಲಿ ಶಂಕು ಕಾಣಬೇಕು. ಅದರಲ್ಲಿ ಚದುರಿ ಹಿಂತಿರುಗಿದ ಕೆಲವು ಮಾತ್ರ ಇರುತ್ತವೆ. ಈ ಖಾಲಿ ಜಾಗವನ್ನು ನಾವು ಪರೀಕ್ಷೆಗೂ ಬಳಸುತ್ತೇವೆ. ಕಿಂಡಿ ಎತ್ತ ತಿರುಗಿದರೂ ಎಣಿಕೆ ಒಂದೇ ಬರುತ್ತಿದ್ದರೆ ಅದು ಎಲೆಕ್ಟ್ರಾನುಗಳಲ್ಲ, ಉಪಕರಣದೊಳಗೇ ಹುಟ್ಟಿದ ಸುಳ್ಳು ಎಣಿಕೆ.

ಇನ್ನು ಕದಡುವಿಕೆ. 5 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಎಲೆಕ್ಟ್ರಾನಿಗೆ ರಾಕೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೊಂದರೆ ಇರುವುದು ತಣ್ಣನೆಯ ಕಣಗಳಲ್ಲಿ. ಅಯಾನುಗೋಳದ, ಅಂದರೆ ಎಲೆಕ್ಟ್ರಾನುಗಳೂ ಅಯಾನುಗಳೂ (ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳು) ಬೆರೆತಿರುವ ಮೇಲಿನ ವಾಯುಪದರದ, ಎಲೆಕ್ಟ್ರಾನುಗಳು ಅಯಾನುಗಳಿಗಿಂತ ಬಹಳ ಚುರುಕಾದ್ದರಿಂದ ರಾಕೆಟ್ಟಿನ ಮೈಗೆ ಅವೇ ಹೆಚ್ಚಾಗಿ ಬಂದು ಸೇರುತ್ತವೆ, ಮೈ ಒಂದು ವೋಲ್ಟಿನಷ್ಟು ಋಣವಾಗುತ್ತದೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ಎದುರಾಗುವ ಆಕ್ಸಿಜನ್ ಅಯಾನಿನ ಶಕ್ತಿ ಎಲೆಕ್ಟ್ರಾನ್‌ವೋಲ್ಟಿನ ಹನ್ನೆರಡರಲ್ಲೊಂದು ಭಾಗ ಮಾತ್ರ. ಅಂದರೆ ಅಳೆಯಬೇಕಾದ ಶಕ್ತಿಗಿಂತ ಹತ್ತು ಪಟ್ಟು ದೊಡ್ಡ ಸೆಳೆತ ರಾಕೆಟ್ಟಿನ ಮೈಯಲ್ಲೇ ಇದೆ. ಅದಕ್ಕಾಗಿ ತಣ್ಣನೆಯ ಪ್ಲಾಸ್ಮಾವನ್ನು ಅಳೆಯುವ ಲ್ಯಾಂಗ್‌ಮ್ಯೂರ್ ಶಲಾಕೆಗಳನ್ನೂ ವಿದ್ಯುತ್ ಕ್ಷೇತ್ರವನ್ನು ಅಳೆಯುವ ಗೋಳಗಳನ್ನೂ ಉದ್ದನೆಯ ತೋಳುಗಳ ತುದಿಯಲ್ಲಿ, ಮೈಯಿಂದ ದೂರ ಚಾಚಿಡುತ್ತಾರೆ. ಉರಿದು ಮುಗಿದ ಮೋಟಾರಿನಿಂದ ಉಗುಳುವ ಅನಿಲ ಮಾಪನವನ್ನು ಕೆಡಿಸದಂತೆ ಪೇಲೋಡನ್ನು, ಅಂದರೆ ಉಪಕರಣಗಳಿರುವ ಭಾಗವನ್ನು, ಅದರಿಂದ ಬೇರ್ಪಡಿಸುತ್ತಾರೆ. ರಾಕೆಟ್ಟಿನ ಹಿಂದಿನ ನೆರಳಿನಲ್ಲಿ ಅಯಾನುಗಳು ವಿರಳವಾಗಿರುವುದರಿಂದ, ಅತ್ತ ಮುಖ ಮಾಡಿದ ಕ್ಷಣಗಳ ಅಳತೆಯನ್ನು ಬದಿಗಿಡುತ್ತಾರೆ.

ಈ ಎಚ್ಚರಿಕೆಗೆ ಎಷ್ಟು ಫಲವಿದೆ ಎಂಬುದಕ್ಕೆ ಪಕ್ಕದ ವಿಷಯದಿಂದ ಒಂದು ಉದಾಹರಣೆ ಕೊಡುತ್ತೇನೆ. 2022ರ ಮೇ 11ರಂದು ಸ್ವಾಲ್ಬಾರ್ಡ್‌ನ ನ್ಯೂ-ಒಲೆಸುಂಡ್‌ನಿಂದ ಹಾರಿದ ನಾಸಾದ 'ಎಂಡ್ಯೂರನ್ಸ್' ರಾಕೆಟ್, 248ರಿಂದ 768 ಕಿಲೋಮೀಟರ್ ನಡುವೆ ಭೂಮಿಯ ಸಹಜ ವಿದ್ಯುತ್ ಕ್ಷೇತ್ರದ ಒಟ್ಟು ವಿಭವಾಂತರವನ್ನು ಅಳೆಯಿತು. ಸಿಕ್ಕ ಬೆಲೆ 0.55 ವೋಲ್ಟ್, ಕೈಗಡಿಯಾರದ ಬ್ಯಾಟರಿಗಿಂತಲೂ ಕಡಿಮೆ. ಸೂರ್ಯನ ಬೆಳಕು ಎಬ್ಬಿಸಿದ ಎಲೆಕ್ಟ್ರಾನುಗಳ ರೋಹಿತದಲ್ಲಿರುವ ಪರಿಚಿತ ಶಿಖರಗಳು ಎತ್ತರದೊಂದಿಗೆ ಎಷ್ಟು ಸರಿಯುತ್ತವೆ ಎಂದು ನೋಡಿ ಇದನ್ನು ಕಂಡುಕೊಂಡರು. ರಾಕೆಟ್ಟಿನ ಮೈಯ ವಿಭವವನ್ನು ಬೇರೆಯಾಗಿ ಅಳೆದು ಕಳೆಯದೆ ಇದು ಆಗದ ಕೆಲಸ. ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಭೌತಶಾಸ್ತ್ರ ಶಿಕ್ಷಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆ. ಇನ್ನೊಂದು ಮಾತು ಕಾಡುತ್ತಿದೆ. ಪ್ರಭೆಯೂ ಚಲಿಸುತ್ತಿರುತ್ತದೆ, ರಾಕೆಟ್ಟೂ ಚಲಿಸುತ್ತಿರುತ್ತದೆ. ಎಣಿಕೆ ಒಮ್ಮೆಲೇ ಏರಿದರೆ, ರಾಕೆಟ್ ಹೊಸ ಪಟ್ಟಿಯೊಳಗೆ ಹೋಯಿತೋ ಅಥವಾ ಇದ್ದ ಜಾಗದಲ್ಲೇ ಪ್ರಭೆ ಹೊತ್ತಿಕೊಂಡಿತೋ ಎಂದು ತಿಳಿಯುವುದು ಹೇಗೆ?

ದತ್ತಾಂಶ ವಿಶ್ಲೇಷಕಿ

ಒಂದೇ ಪೇಲೋಡಿನಿಂದ ತಿಳಿಯಲಾಗದು. ನೀವು ನಮ್ಮ ಕೆಲಸದ ಅತಿ ಕಷ್ಟದ ಜಾಗಕ್ಕೇ ಬೆರಳಿಟ್ಟಿದ್ದೀರಿ. ಒಂದು ರಾಕೆಟ್ ಕೊಡುವುದು ಆಕಾಶದಲ್ಲಿ ಎಳೆದ ಒಂದೇ ಗೆರೆಯುದ್ದಕ್ಕೂ ಬರೆದ ದಿನಚರಿ. ಅದರಲ್ಲಿ ಸ್ಥಳ ಮತ್ತು ಕಾಲ ಎರಡೂ ಹೆಣೆದುಕೊಂಡಿರುತ್ತವೆ. ಅದನ್ನು ಬಿಡಿಸಲು ಹಲವು ಕಣ್ಣುಗಳು ಬೇಕು. 2009ರ ಜನವರಿ 29ರಂದು ಪೋಕರ್ ಫ್ಲಾಟ್‌ನಿಂದ ಎರಡು ರಾಕೆಟ್ಟುಗಳನ್ನು ಒಂದರ ಹಿಂದೊಂದು ಹಾರಿಸಿದರು: ಒಂದು ಸುಮಾರು 360 ಕಿಲೋಮೀಟರ್ ಏರಿ ಇಳಿದುಬರುವ ಎಲೆಕ್ಟ್ರಾನುಗಳನ್ನು ನೋಡಿತು, ಇನ್ನೊಂದು ಸುಮಾರು 130 ಕಿಲೋಮೀಟರ್ ಮಾತ್ರ ಏರಿ, ಅದೇ ಪ್ರವಾಹ ಅಯಾನುಗೋಳದಲ್ಲಿ ಅಡ್ಡಲಾಗಿ ತಿರುಗುವ ಪದರದೊಳಗೇ ಹಾದುಹೋಯಿತು. 2017ರ ಫೆಬ್ರವರಿ 22 ಮತ್ತು ಮಾರ್ಚ್ 2ರಂದು ಅಲ್ಲಿಂದಲೇ ಹಾರಿದ 'ಐಸಿಂಗ್ಲಾಸ್' ರಾಕೆಟ್ಟುಗಳು ಮುಖ್ಯ ಪೇಲೋಡಿನಿಂದ ಪುಟ್ಟ ಪುಟ್ಟ ಉಪಪೇಲೋಡುಗಳನ್ನು ಸುತ್ತಲೂ ಎಸೆದವು. ಪಕ್ಕಪಕ್ಕದ ಎರಡು ಬಿಂದುಗಳಲ್ಲಿ ಏರಿಕೆ ಒಂದೇ ಕ್ಷಣಕ್ಕೆ ಬಂದರೆ ಅದು ಕಾಲದ ಬದಲಾವಣೆ. ಒಂದರ ನಂತರ ಒಂದಕ್ಕೆ, ದೂರಕ್ಕೆ ತಕ್ಕ ಅಂತರದಲ್ಲಿ ಬಂದರೆ ಅದು ಸ್ಥಳದ ರಚನೆ.

ನೆಲದ ಕ್ಯಾಮೆರಾಗಳಿಗೂ ಅಷ್ಟೇ ಬೆಲೆಯಿದೆ. ರಾಕೆಟ್ ಹಾದುಹೋಗುವ ಬಲರೇಖೆಯ ಬುಡ ಎಲ್ಲಿ 110 ಕಿಲೋಮೀಟರ್ ಎತ್ತರವನ್ನು ಮುಟ್ಟುತ್ತದೋ, ಅದರ ನೇರ ಕೆಳಗಿನಿಂದ ಚಿತ್ರ ತೆಗೆಯುವುದು ಉತ್ತಮ. ಬಣ್ಣದ ಆಯ್ಕೆಯಲ್ಲೂ ಎಚ್ಚರ ಬೇಕು. 557.7 ನ್ಯಾನೋಮೀಟರಿನ ಹಸಿರು ಬೆಳಕು ಆಕ್ಸಿಜನ್ ಪರಮಾಣು ಪ್ರಚೋದಿತವಾದ ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಹೊರಬರುತ್ತದೆ, 630 ನ್ಯಾನೋಮೀಟರಿನ ಕೆಂಪು ಬೆಳಕಿಗೆ ಸರಾಸರಿ ನೂರಕ್ಕೂ ಹೆಚ್ಚು ಸೆಕೆಂಡ್ ಬೇಕು. ಕ್ಷಣಾರ್ಧದಲ್ಲಿ ಮಿನುಗುವ ರಚನೆಯನ್ನು ಎಲೆಕ್ಟ್ರಾನು ಎಣಿಕೆಯೊಂದಿಗೆ ತಾಳೆ ನೋಡಲು ಇವೆರಡೂ ಮಂದ. ಅದಕ್ಕೆ 427.8 ನ್ಯಾನೋಮೀಟರಿನ ನೀಲಿ ಬೆಳಕನ್ನೇ ಹಿಡಿಯುತ್ತೇವೆ, ಏಕೆಂದರೆ ನೈಟ್ರೋಜನ್ ಅಯಾನು ಅದನ್ನು ಸೂಸಲು ತಡ ಮಾಡುವುದಿಲ್ಲ.

ಈ ಕಾರಣಕ್ಕೇ ಉಡಾವಣೆಯ ಕಾಯುವಿಕೆ ಅಷ್ಟು ಕಠಿಣ. ಚಂದ್ರನಿಲ್ಲದ ರಾತ್ರಿಗಳಿರಬೇಕು, ಕ್ಯಾಮೆರಾಗಳಿರುವ ಊರುಗಳಲ್ಲಿ ಮೋಡವಿರಬಾರದು, ನೆಲದ ಗಾಳಿ ಮಿತಿಯಲ್ಲಿರಬೇಕು, ಅದರ ಮೇಲೆ ಬೇಕಾದ ಬಗೆಯ ಪ್ರಭೆ ಬೇಕಾದ ಜಾಗದಲ್ಲಿ ಬರಬೇಕು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತ ನೌಕೆಗಳು ಸೌರಮಾರುತದ ಬದಲಾವಣೆಯನ್ನು ಸುಮಾರು ಒಂದು ಗಂಟೆ ಮುಂಚೆ ತಿಳಿಸುತ್ತವೆ, ಆದರೆ ಪಟ್ಟಿ ನಿಖರವಾಗಿ ಎಲ್ಲಿ ಹೊತ್ತಿಕೊಳ್ಳುತ್ತದೆ ಎಂದು ಅವು ಹೇಳಲಾರವು. ರಾಕೆಟ್ ಮೇಲೇರಲು ನಾಲ್ಕೈದು ನಿಮಿಷ ಬೇಕಾದ್ದರಿಂದ, ಕಣ್ಣೆದುರಿನ ಪ್ರಭೆಯನ್ನು ನೋಡಿ ಹಾರಿಸಿದರೆ ತಡವಾದಂತೆಯೇ. ಇನ್ನು ಐದು ನಿಮಿಷದಲ್ಲಿ ಅದು ಎಲ್ಲಿರಬಹುದು ಎಂದು ತೀರ್ಮಾನಿಸಿ ಗುಂಡಿ ಒತ್ತಬೇಕು. ವಾರಗಟ್ಟಲೆ ಪ್ರತಿ ರಾತ್ರಿ ಉಡಾವಣೆಯ ಕ್ಷಣಗಣನೆ ನಿಲ್ಲಿಸಿ ನಿಲ್ಲಿಸಿ ಕಾದು, ಒಮ್ಮೆಯೂ ಹಾರಿಸದೆ ಮರಳಿದ ತಂಡದಲ್ಲಿ ನಾನೂ ಇದ್ದೆ. ಆ ರಾತ್ರಿಗಳಲ್ಲಿ ಅನುಮತಿ ಕೊಡದ ಮುಖ್ಯ ವಿಜ್ಞಾನಿಯ ನಿರ್ಧಾರ ಸರಿಯಾಗಿತ್ತೆಂದೇ ಇಂದಿಗೂ ನನ್ನ ಅಭಿಪ್ರಾಯ.

ಭೌತಶಾಸ್ತ್ರ ಶಿಕ್ಷಕಿ

ನಾಳೆಯ ತರಗತಿಗೆ ಹೊಸ ಚಿತ್ರ ಬರೆದುಕೊಂಡಿದ್ದೇನೆ. ಸೂರ್ಯನಿಂದ ನೇರವಾಗಿ ಧ್ರುವಕ್ಕೆ ಎಳೆಯುತ್ತಿದ್ದ ಬಾಣವನ್ನು ಅಳಿಸಿ, ಕಾಂತಗೋಳದ ಬಾಲದಿಂದ ಹೊರಟು, ಕೆಲವು ಸಾವಿರ ಕಿಲೋಮೀಟರ್ ಎತ್ತರದ ವೇಗವರ್ಧನೆಯ ವಲಯವನ್ನು ದಾಟಿ, ಕೆಳಗಿಳಿಯುವ ಬಾಣಗಳನ್ನು ಹಾಕಿದ್ದೇನೆ. ರಾಕೆಟ್ಟಿನ ದಾರಿಯನ್ನು ಬಿಲ್ಲಿನಂತೆ ತೋರಿಸಿದ್ದೇನೆ. ಇದರಲ್ಲಿ ತಿದ್ದಬೇಕಾದದ್ದು ಏನಾದರೂ ಇದೆಯೇ?

ದತ್ತಾಂಶ ವಿಶ್ಲೇಷಕಿ

ಒಂದೇ ಒಂದು. ಎಲ್ಲ ಬಾಣಗಳನ್ನೂ ಕೆಳಮುಖವಾಗಿ ಬರೆಯಬೇಡಿ. ಎಲೆಕ್ಟ್ರಾನುಗಳು ಕೆಳಗಿಳಿಯುವ ಪಟ್ಟಿಯಲ್ಲಿ ವಿದ್ಯುತ್ಪ್ರವಾಹ ಮೇಲ್ಮುಖವಾಗಿರುತ್ತದೆ, ಆ ಪ್ರವಾಹದ ಸುತ್ತು ಪೂರ್ಣವಾಗಲು ಪಕ್ಕದಲ್ಲೇ ಕೆಳಮುಖ ಪ್ರವಾಹದ ಜಾಗವೊಂದು ಇರಲೇಬೇಕು. ಅಲ್ಲಿ ಅಯಾನುಗೋಳದ ಎಲೆಕ್ಟ್ರಾನುಗಳು ಮೇಲಕ್ಕೆ ಹೊರಟಿರುತ್ತವೆ, ನೆಲದಿಂದ ನೋಡುವವರಿಗೆ ಅದು ಎರಡು ಹೊಳೆಯುವ ಪಟ್ಟಿಗಳ ನಡುವಿನ ಕತ್ತಲೆಯಾಗಿ ಕಾಣುತ್ತದೆ. ರಾಕೆಟ್ಟಿನ ಬಿಲ್ಲು ಆ ಕತ್ತಲೆಯನ್ನೂ ದಾಟುವಂತೆ ಬರೆಯಿರಿ.